ತಲೆಯಿಲ್ಲದ ಘೇಂಡಾಮೃಗವೂ ಒಂಬತ್ತನೆಯ ನಿಯಮವೂ

ಲೈಲ್ ಸೆಡ್ಲಾಚೆಕ್ ನಲವತ್ತು ವರ್ಷ ನಮ್ಮೂರಿನ ಧಾನ್ಯದ ಗೋದಾಮಿನಲ್ಲಿ ಲಾರಿಗಳ ತೂಕ ನೋಡಿದವನು. ನೆಬ್ರಾಸ್ಕಾದ ಈ ಮೂಲೆಯಲ್ಲಿ ಮೆಕ್ಕೆಜೋಳ ಬೆಳೆದವರೆಲ್ಲ ಒಂದಲ್ಲ ಒಂದು ದಿನ ಅವನ ಕಿಟಕಿಯ ಮುಂದೆ ಟೋಪಿ ತೆಗೆದು ನಿಂತವರೇ. ನಿವೃತ್ತನಾದ ಮೇಲೆ ಟೋಪಿ ತೆಗೆಯುವವರು ಯಾರೂ ಉಳಿಯಲಿಲ್ಲ. ಮನುಷ್ಯ ಎಷ್ಟು ದಿನ ಹಾಗಿರಲು ಸಾಧ್ಯ? ಒತ್ತಿದ ಪೆನ್ನಿಗಳ, ಅಂದರೆ ಚಪ್ಪಟೆ ಮಾಡಿದ ಒಂದು ಸೆಂಟಿನ ನಾಣ್ಯಗಳ, ಸಂಘವೊಂದನ್ನು ಕಟ್ಟಿ ತಾನೇ ಅಧ್ಯಕ್ಷನಾದ. ಸದಸ್ಯರು ಏಳು ಜನ. ಕಾರ್ಯದರ್ಶಿ ನಾನು. ನನ್ನನ್ನು ಆರಿಸಿದ ದಿನ ನಾನು ಸಭೆಗೆ ಹೋಗಿರಲಿಲ್ಲ.

ಒತ್ತುವುದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಪ್ರವಾಸಿಗರು ಬರುವ ಕಡೆ ಇಟ್ಟಿರುವ ಯಂತ್ರಕ್ಕೆ ಕೂಲಿಯಾಗಿ ಎರಡು ಕ್ವಾರ್ಟರ್ ನಾಣ್ಯ ಕೊಟ್ಟು, ಒಂದು ಪೆನ್ನಿ ಇಟ್ಟು, ಹಿಡಿಕೆ ತಿರುಗಿಸಿದರೆ ಎರಡು ಉರುಳೆಗಳ ನಡುವೆ ಸಿಕ್ಕ ನಾಣ್ಯ ಉದ್ದಕ್ಕೆ ಚಪ್ಪಟೆಯಾಗಿ, ಮೈಮೇಲೆ ಚಿತ್ರ ಹೊತ್ತು ಕೆಳಗೆ ಬೀಳುತ್ತದೆ. ವಿದ್ಯೆ ಇಲ್ಲದ ಕಡೆ ವಿದ್ಯೆ ಹುಟ್ಟಿಸುವುದೇ ಅಧ್ಯಕ್ಷರ ಕೆಲಸವಲ್ಲವೆ? ಲೈಲ್ ಹನ್ನೊಂದು ನಿಯಮ ಬರೆದ. ಎಂಬತ್ತೆರಡನೇ ಇಸವಿಗಿಂತ ಹಳೆಯ ತಾಮ್ರದ ಪೆನ್ನಿಯೇ ಆಗಬೇಕು. ಆಮೇಲಿನವುಗಳ ಒಳಗೆ ಬರೀ ಸತು, ಒತ್ತಿದರೆ ಬಿಳಿ ಗೀರು ಏಳುತ್ತದೆ. ಹಿಂದಿನ ದಿನ ಟೊಮ್ಯಾಟೊ ಸಾಸಿನಲ್ಲಿ ಉಜ್ಜಿ ಬೆಳಗಬೇಕು. ನಾಲ್ಕನೆಯ ನಿಯಮ: ಸ್ವಂತ ಕೈಯಿಂದ ಒತ್ತದ ಪೆನ್ನಿಗೆ ಆಲ್ಬಮ್ಮಿನಲ್ಲಿ ಜಾಗವಿಲ್ಲ.

ಒಂಬತ್ತನೆಯದು ಅವನಿಗೆ ಮೂರು ವರ್ಷದ ಹಿಂದೆ ಹೊಳೆದದ್ದು. ಉರುಳೆ ನಾಣ್ಯವನ್ನು ಕಚ್ಚಿದ ಕೂಡಲೇ ನಿಲ್ಲಿಸಿ, ಹಿಡಿಕೆಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಬಿಟ್ಟು, ಐದು ಎಣಿಸಿ, ಮತ್ತೆ ತಿರುಗಿಸಬೇಕು. "ತಾಮ್ರ ಉಸಿರು ತಗೋಬೇಕು" ಎನ್ನುತ್ತಿದ್ದ. ಸಂಘದಲ್ಲಿ ನಾವು ಏಳೂ ಜನ ನಿಂತು ತಾಮ್ರಕ್ಕೆ ಉಸಿರು ಕೊಡುವುದನ್ನು ಅಭ್ಯಾಸ ಮಾಡಿದೆವು.

ಆ ವರ್ಷದಿಂದಲೇ ದೇಶದ ಯಂತ್ರಗಳೆಲ್ಲ ಕೆಟ್ಟವು. ನನಗೆ ಕೊಕ್ಕಿಲ್ಲದ ಪೆಂಗ್ವಿನ್ ಬಂತು, ಇನ್ನೊಬ್ಬನಿಗೆ ಹೊಗೆಗೊಳವೆ ಇಲ್ಲದ ರೈಲು. ಪಕ್ಕದ ಜಿಲ್ಲೆಯ ನಿಸರ್ಗ ಮ್ಯೂಸಿಯಂನಲ್ಲಿ ನಾಲ್ಕು ಚಿತ್ರಗಳ ಯಂತ್ರವಿತ್ತು. ಅದರ ಮ್ಯಾಮತ್ ಆನೆ, ಒಂಟೆ, ಕುದುರೆ ಮೂರನ್ನೂ ಲೈಲ್ ಮುಂಚೆಯೇ ಒತ್ತಿಕೊಂಡಿದ್ದ. ಉಳಿದಿದ್ದ ಘೇಂಡಾಮೃಗ ಮಾತ್ರ ನಾಲ್ಕು ಸಲವೂ ಕುತ್ತಿಗೆಗೇ ನಿಂತಿತು. ಅಧ್ಯಕ್ಷರು ಸುಮ್ಮನಿರುತ್ತಾರೆಯೆ? ಸಂಘದ ಮೊಹರು ಹಾಕಿ ಮ್ಯೂಸಿಯಂಗೆ ಏಳು ಪತ್ರ ಬರೆದರು. ಏಳನೆಯದಕ್ಕೆ ಉತ್ತರ ಬಂತು: ತಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಿ, ಇದೇ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಯಂತ್ರವನ್ನು ತೆಗೆಸಲಾಗುವುದು.

ಲೈಲ್ ಪತ್ರವನ್ನು ಎರಡು ಸಲ ಓದಿ ಕೂತುಬಿಟ್ಟ. ರಿಪೇರಿ ಮಾಡಿ ಎಂದಿದ್ದ, ತೆಗೆಯಿರಿ ಎಂದಿರಲಿಲ್ಲ. ಆಲ್ಬಮ್ಮಿನ ಆ ಪುಟದಲ್ಲಿ ಮೂರು ಪ್ರಾಣಿ, ಒಂದು ತೂತು. ಆ ತೂತು ಬೇರೆ ಯಾವುದರಿಂದಲೂ ತುಂಬುವಂಥದ್ದಲ್ಲ. ಮದುವೆಯಾದ ವಾರ ಅವನೂ ಅವನ ಹೆಂಡತಿ ವೆರ್ಲಾಳೂ ಅದೇ ಮ್ಯೂಸಿಯಂನ ಘೇಂಡಾಮೃಗದ ಅಸ್ಥಿಪಂಜರದ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರು.

ಶುಕ್ರವಾರ ಕಾರು ಓಡಿಸಿದ್ದು ನಾನು. ವೆರ್ಲಾ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೊಲಾಚೆಯ, ಹಣ್ಣು ತುಂಬಿದ ಸಿಹಿ ಬನ್ನಿನ, ಡಬ್ಬಿ ಇಟ್ಟುಕೊಂಡಿದ್ದಳು. ಲೈಲ್‌ನ ಜೇಬಿನಲ್ಲಿ ಬೆಳಗಿದ ಮೂರು ಪೆನ್ನಿ. ಮೂರನೆಯದು ಮದುವೆಯ ವರ್ಷದ್ದು, ಅರವತ್ತೊಂಬತ್ತರದು.

"ಮೂರೇನಾ ತಂದಿದ್ದು?" ಎಂದೆ.

"ಮೊದಲ್ನೇದ್ರಲ್ಲೇ ಆಗುತ್ತೆ. ಉಳಿದೆರಡು ಶಿಸ್ತಿಗೆ."

"ಇವನ ಮೈಮೇಲೆಲ್ಲ ಸಾಸ್ ವಾಸ್ನೆ ಆರ್ವಿನ್, ಕಿಟಕಿ ತೆಗಿ" ಎಂದಳು ವೆರ್ಲಾ ನನಗೆ.

ನಾವು ಮುಟ್ಟಿದಾಗ ಹನ್ನೊಂದೂವರೆ. ಯಂತ್ರದ ಪಕ್ಕದಲ್ಲಿ ತಳ್ಳುಗಾಡಿ ಬಂದು ನಿಂತಾಗಿತ್ತು. ಅದರ ಹಿಡಿಗೆ ಒರಗಿ ನಾಡೀನ್ ಎಂಬ ಹುಡುಗಿ ನಿಂತಿದ್ದಳು, ಮ್ಯೂಸಿಯಂ ಅಂಗಡಿಯವಳು.

"ಕೊನೇ ಗಿರಾಕಿ ನೀವೇ ಸರ್. ಬೇಗ ಒತ್ಕೊಳ್ಳಿ. ಚೆನ್ನಾಗಿರೋ ಯಂತ್ರ, ಪಾಪ."

"ಚೆನ್ನಾಗಿರೋದಾ?" ಲೈಲ್‌ನ ಹುಬ್ಬು ಮೇಲೇರಿತು.

"ಮೆಕ್ಯಾನಿಕ್ ಮೂರು ಸಲ ಬಂದು ನೋಡ್ದ. ಏನೂ ಆಗಿಲ್ಲ ಅಂದ. ಸ್ಕೂಲ್ ಮಕ್ಳು ದಿನಾ ನೂರು ಒತ್ತಾರೆ, ಎಲ್ಲದಕ್ಕೂ ಕೊಂಬಿನ ಸಮೇತ ತಲೆ ಬರುತ್ತೆ. ಯಾರೋ ಒಬ್ಬ ಅಧ್ಯಕ್ಷ ಅಂತೆ, ಪತ್ರದ ಮೇಲೆ ಪತ್ರ. ಮೇಲಿನವ್ರಿಗೆ ಸಾಕಾಗಿ, ತೆಗೆದ್ ಬಿಸಾಕಿ ಅಂದ್ರು."

ಲೈಲ್ ಪಕ್ಕದಲ್ಲಿದ್ದ ಮ್ಯಾಮತ್ ಅಸ್ಥಿಪಂಜರದ ದಂತ ನೋಡುತ್ತ ನಿಂತ. ನಾನು ಅದರ ಪಾದ ನೋಡಿದೆ.

ಮೊದಲ ಪೆನ್ನಿ ಹೋಯಿತು. ಕಚ್ಚಿತು, ನಿಂತಿತು, ಎರಡು ಬೆರಳು ಹಿಂದೆ, ಒಂದು, ಎರಡು, ಮೂರು, ನಾಲ್ಕು, ಐದು. ಬಿದ್ದದ್ದು ನಾಲ್ಕು ಕಾಲು, ಒಂದು ಬಾಲ. ಎರಡನೆಯದಕ್ಕೆ ಏಳು ಎಣಿಸಿದ. ಮುಂಗಾಲೂ ಹೋಯಿತು.

"ಯಾಕ್ ಸರ್ ಹಿಂದಕ್ ಬಿಡ್ತೀರಾ?" ನಾಡೀನ್ ಕೇಳಿದಳು.

"ಅದು ಪದ್ಧತಿ ಅಮ್ಮಾ. ನಿನಗೆ ಗೊತ್ತಾಗಲ್ಲ."

"ಹಿಂದಕ್ ಬಿಟ್ರೆ ನಾಣ್ಯ ಜಾರುತ್ತಲ್ಲ ಸರ್. ಹೋಗ್ಲಿ, ನಾನು ಒತ್ತಿರೋದು ಒಂದಿದೆ, ತಗೊಳ್ಳಿ." ಜೇಬಿನಿಂದ ತೆಗೆದಳು. ಪೂರ್ತಿ ಘೇಂಡಾಮೃಗ, ಕೊಂಬು, ಕಿವಿ, ಒಂದು ಬಗೆಯ ನಗು ಕೂಡ.

ಲೈಲ್ ಕೈ ಚಾಚಿ ಮತ್ತೆ ಹಿಂದಕ್ಕೆಳೆದುಕೊಂಡ. "ನಾಲ್ಕನೇ ನಿಯಮ" ಎಂದ.

ಗಡಿಯಾರ ಹನ್ನೆರಡಕ್ಕೆ ಆರು ನಿಮಿಷ. ಉಳಿದದ್ದು ಅರವತ್ತೊಂಬತ್ತರದು ಒಂದೇ. ಅದನ್ನು ಇಟ್ಟು ಲೈಲ್ ಹಿಡಿಕೆ ಹಿಡಿದ. ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ.

ವೆರ್ಲಾ ಕೊಲಾಚೆಯ ಡಬ್ಬಿಯನ್ನು ನನ್ನ ಕೈಗೆ ತುರುಕಿದಳು. "ಆ ಕಡೆ ಸರಿ."

"ವೆರ್ಲಾ, ಇದು ನಮ್ ಮದುವೆ ಪೆನ್ನಿ!"

"ಗೊತ್ತು. ಮದುವೇಲಿ ನಾನೂ ಇದ್ದೆ."

"ಐದು ಎಣಿಸು. ದಯವಿಟ್ಟು ಐದು ಎಣಿಸು."

"ಐವತ್ತು ವರ್ಷ ಎಣಿಸಿದೀನಿ, ಸಾಕು."

ರೊಟ್ಟಿಯ ಹಿಟ್ಟು ನಾದುವವಳ ತೋಳು. ಒಂದೇ ಬೀಸಿಗೆ ಹಿಡಿಕೆ ಪೂರ್ತಿ ಸುತ್ತಿತು. ಟಣ್ ಎಂದು ಬಿತ್ತು. ಲೈಲ್ ಕಣ್ಣು ಮುಚ್ಚಿಕೊಂಡಿದ್ದ, ನಾನು ಬಗ್ಗಿ ಎತ್ತಿಕೊಂಡೆ. ಕೊಂಬಿತ್ತು. ಕಿವಿ ಇತ್ತು. ಹೊಟ್ಟೆಯ ಹತ್ತಿರ ಮಸುಕಾಗಿ ಅರವತ್ತೊಂಬತ್ತೂ ಇತ್ತು.

"ಅಯ್ಯೋ, ಎಷ್ಟು ಚೆಂದ ಬಂದಿದೆ!" ಎಂದಳು ನಾಡೀನ್. "ಸಂದರ್ಶಕರ ಪುಸ್ತಕದಲ್ಲಿ ಹೆಸ್ರು ಬರೀರಿ ಸರ್."

"ಇವ್ನ ಹೆಸ್ರು ನಿಮ್ಮ ಹತ್ರ ಆಗ್ಲೇ ಏಳು ಸಲ ಇದೆ ಮಗಳೇ" ಎಂದಳು ವೆರ್ಲಾ.

ನಾಡೀನ್‌ಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳು ತಳ್ಳುಗಾಡಿಯ ಮೇಲೇ ಕೂತು ನಕ್ಕಳು. ಲೈಲ್‌ನ ಕಿವಿಯ ತುದಿ ಹೊಸದಾಗಿ ಬೆಳಗಿದ ತಾಮ್ರದಂತಾಗಿತ್ತು.

ವಾಪಸು ಬರುವಾಗ ಹತ್ತು ಮೈಲಿ ದಾಟಿದೆವು. ಆಮೇಲೆ ಲೈಲ್ ಗಂಟಲು ಸರಿಮಾಡಿಕೊಂಡ. "ಕಾರ್ಯದರ್ಶಿಗಳೇ, ಇದು ತುರ್ತು ಸಭೆ. ನಾಲ್ಕನೇ ನಿಯಮಕ್ಕೆ ತಿದ್ದುಪಡಿ. 'ಸ್ವಂತ ಕೈಯಿಂದ, ಅಥವಾ ಮನೆಯವರ ಕೈಯಿಂದ.'"

"ಅನುಮೋದಿಸ್ತೀನಿ" ಎಂದೆ.

"ನಾನು ಒಪ್ಪಲ್ಲ" ಎಂದಳು ವೆರ್ಲಾ ಹಿಂದಿನಿಂದ. ಘೇಂಡಾಮೃಗ ಅವಳ ಮುಷ್ಟಿಯಲ್ಲಿತ್ತು.

"ನೀನು ಸದಸ್ಯೆ ಅಲ್ಲ ಕಣೇ."

"ಹಾಗಾದ್ರೆ ಇದೂ ನಿಮ್ ಸಂಘದ್ದಲ್ಲ. ಒಂಬತ್ತನೇ ನಿಯಮ ಹೊಡೆದು ಹಾಕು, ಕೊಡ್ತೀನಿ. ಮತ್ತೆ ಎಂಟನೇ ಪತ್ರ ಬರಿ."

"ಅದರಲ್ಲಿ ಏನಂತ ಬರೀಲಿ?"

"ಯಂತ್ರ ಕೆಟ್ಟಿರ್ಲಿಲ್ಲ ಅಂತ."

ಇನ್ನೂ ನಾಲ್ಕು ಮೈಲಿ ಮೆಕ್ಕೆಜೋಳದ ಹೊಲ ಹಿಂದೆ ಸರಿಯಿತು. ಲೈಲ್ ಪೆನ್ನು ತೆಗೆದು, ಕಾರ್ಯದರ್ಶಿಯಾದ ನನ್ನ ಬಳಿ ಇರುತ್ತಿದ್ದ ಸಂಘದ ನಿಯಮದ ಪುಸ್ತಕ ಇಸಿದುಕೊಂಡು, ಒಂಬತ್ತರ ಮೇಲೆ ಒಂದು ಗೆರೆ ಎಳೆದ. ಗೆರೆ ಬಹಳ ತೆಳ್ಳಗಿತ್ತು. ವೆರ್ಲಾ ಮುಂದಕ್ಕೆ ಬಗ್ಗಿ ನೋಡಿ, "ಇನ್ನೊಂದು" ಎಂದಳು. ಎರಡನೆಯದನ್ನು ಎಳೆದ.

ಅವಳು ಮುಷ್ಟಿ ಬಿಚ್ಚಿ ಪೆನ್ನಿಯನ್ನು ಅವನ ಅಂಗೈಗೆ ಇಟ್ಟಳು, ಜೊತೆಗೊಂದು ಕೊಲಾಚೆಯನ್ನೂ ಕೊಟ್ಟಳು. ಅವನು ಕೊಲಾಚೆ ಪಕ್ಕಕ್ಕಿಟ್ಟು, ಪೆನ್ನಿಯನ್ನು ಬೆಳಕಿಗೆ ಹಿಡಿದು, ಕೊಂಬಿನ ಮೇಲೆ ಹೆಬ್ಬೆರಳು ಸವರುತ್ತ ಊರು ಬರುವವರೆಗೂ ಕೂತಿದ್ದ. ಮುಂದಿನ ತಿಂಗಳು ನನ್ನ ಪೆಂಗ್ವಿನ್‌ಗೂ ಕೊಕ್ಕು ಬಂತು.