ಬಾಗಿಲಾಚೆಯ ಪೊಲೀಸ್

ಆ ದಿನ ನಿಮ್ಮ ಬಾಗಿಲು ಬಡಿದ ಪೊಲೀಸ್ ನಾನೇ, ಹ್ಯಾನಾ ಆಂಟಿ. ಅದು ನಿಮಗೆ ಗೊತ್ತು. ಆಮೇಲೆ ನಾನು ಮಾಡಿದ್ದು ಗೊತ್ತಿಲ್ಲ. ನಿಮಗೆ ಓದಲು ಬಾರದ ಕನ್ನಡದಲ್ಲಿ ಅದನ್ನು ಒಪ್ಪಿಕೊಳ್ಳುತ್ತಿದ್ದೇನೆ — ನನಗಿರುವ ಧೈರ್ಯ ಅಷ್ಟೇ.

ಸಿಂಗಪುರದ ಪಾಸಿರ್ ಪಂಜಾಂಗ್‌ನ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ನಾನು ಅಣಕಿಸದವರಿರಲಿಲ್ಲ. ಅಪ್ಪನ ಗೊರಕೆ, ಎಂಆರ್‌ಟಿ ರೈಲಿನ ಅನೌನ್ಸ್‌ಮೆಂಟ್, ಹುಡುಗಿಯರೆದುರು ತೊದಲುವ ನನ್ನದೇ ನಾಲಿಗೆ — ಎಲ್ಲವೂ ಸರಕು. ಪಕ್ಕದ ಮನೆಯ ಡಚ್ ಆಂಟಿ, ನೀವೊಬ್ಬರು ಉಳಿದಿದ್ದಿರಿ. ಒಂದು ಮಧ್ಯಾಹ್ನ ತಮಾಷೆಗೆ ನಿಮ್ಮನ್ನು ಬೆಚ್ಚಿಬೀಳಿಸೋಣವೆಂದು ಕಾಲು ಅಪ್ಪಳಿಸಿ, ಬಾಗಿಲು ಗುದ್ದಿ, "ಪೊಲೀಸ್! ಓಪನ್!" ಎಂದು ಗದರಿದೆ. ಸದ್ದಿಲ್ಲ. ತಳ್ಳಿದರೆ ತೆರೆಯಿತು. ನೀವು ಮಂಡಿಯೂರಿದ್ದಿರಿ. ಎದೆಯ ಮೇಲೆ ಕೈಯಿಂದ ಶಿಲುಬೆಯ ಗುರುತು, ತುಟಿಯಲ್ಲಿ ಪ್ರಾರ್ಥನೆ, ಮಗುವಿನ ದನಿಯಲ್ಲಿ ಏನೋ — ಅದರಲ್ಲಿ "ಮರಿಯಾ" ಎಂಬುದಷ್ಟೇ ನನಗೆ ತಿಳಿಯಿತು.

ಟೀ ಕೊಟ್ಟು ನೀವೇ ಹೇಳಿದಿರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿ ಮಕ್ಕಳನ್ನು ಹಿಡಿದೊಯ್ಯುತ್ತಿದ್ದಾಗ ನಿಮ್ಮನ್ನೊಂದು ಕ್ರೈಸ್ತ ಕುಟುಂಬ ಬಚ್ಚಿಟ್ಟುಕೊಂಡಿತ್ತು. ಬಾಗಿಲು ಬಡಿದರೆ ಮಂಡಿಯೂರಬೇಕು, ಪ್ರಾರ್ಥನೆ ಒಪ್ಪಿಸಬೇಕು, ಹೆಸರು ಮರಿಯಾ ಎನ್ನಬೇಕು — ದಿನವೂ ತಾಲೀಮು.

"ನಾನೂ ನಿನ್ನಂಥವಳೇ, ಮಿಮಿಕ್ರಿಯವಳು," ಎಂದು ನಕ್ಕಿರಿ. "ತಪ್ಪಿದರೆ ಮಾತ್ರ ಯಾರೂ ನಗುತ್ತಿರಲಿಲ್ಲ. ಇದನ್ನು ಯಾರಿಗೂ ಮಾಡಿ ತೋರಿಸಬೇಡ."

ಮಾತು ಕೊಟ್ಟೆ. ನೀವು ನಿಮ್ಮ ಮನೆಯ ಇನ್ನೊಂದು ಬೀಗದಕೈ ಕೊಟ್ಟಿರಿ — ಇನ್ನು ನೀನು ಬಾಗಿಲು ಬಡಿಯುವುದೇ ಬೇಡ ಎಂದು.

ಆ ವರ್ಷ ಗಣೇಶನ ಹಬ್ಬಕ್ಕೆ ಜುರಾಂಗ್ ಈಸ್ಟ್‌ನ ರಮೇಶ್ ಅಂಕಲ್ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟವಾದ ಮೇಲೆ ಎಂದಿನಂತೆ ನನ್ನ ಸರದಿ. ಯಾರೂ ನಗಲಿಲ್ಲ.

"ಲೋ ಸುಹಾಸ, ಅದೇ ಗೊರಕೆ ಎಷ್ಟ್ ಸಲ ಹೊಡೀತೀಯೋ? ಹೊಸ ಐಟಂ ಇಲ್ವಾ?" ಎಂದರು ಅಂಕಲ್.

"ಸ್ಟಾಕ್ ಖಾಲಿ ಲಾ, ಪಪ್ಪಾ!" ಎಂದಳು ಅವರ ಮಗಳು.

ಎಲ್ಲರೂ ನಕ್ಕರು — ನನ್ನನ್ನು ನೋಡಿ. ಊರನ್ನೆಲ್ಲ ಅಣಕಿಸುವವನಿಗೆ ಅಷ್ಟನ್ನು ತಡೆದುಕೊಳ್ಳಲಾಗಲಿಲ್ಲ. ಮಂಡಿಯೂರಿದೆ. ಶಿಲುಬೆ, ನಡುಗುವ ತುಟಿ, ಆ ಮಗುವಿನ ದನಿ — ಒಂದನ್ನೂ ಬಿಡಲಿಲ್ಲ. "ಪಕ್ಕದ್ಮನೆ ಆಂಟಿ!" ಎಂದು ಹೆಸರು ಬೇರೆ ಕೊಟ್ಟೆ. ಬಿದ್ದು ಬಿದ್ದು ನಕ್ಕರು. ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿದ್ದಿಲ್ಲ — ಆ ಹೊತ್ತಿಗೆ ನನಗೆ ಎಲ್ಲವೂ ಗೊತ್ತಿತ್ತಲ್ಲ.

ವರ್ಷಗಳಾದವು. ಈಗಲೂ ಬೀಗದಕೈ ತಿರುಗಿಸಿ ಒಳಬರುತ್ತೇನೆ. ಆ ಸದ್ದಿಗೆ ನೀವು ತಲೆಯೆತ್ತುವುದೂ ಇಲ್ಲ — ಬಂದವನು ನಾನು ಎಂಬ ನೆಮ್ಮದಿ. ಆ ನೆಮ್ಮದಿಯನ್ನು ನೋಡುತ್ತ ನಿಂತಾಗ...

ನಾಳೆ ಬೀಗದಕೈಯನ್ನು ಮೊದಲು ನಿಮ್ಮ ಅಂಗೈಯಲ್ಲಿ ಇಡುತ್ತೇನೆ. ಆಮೇಲೆ ಹೇಳುತ್ತೇನೆ — ನಿಮಗೆ ತಿಳಿಯುವ ಭಾಷೆಯಲ್ಲಿ, ಇನ್ನೊಬ್ಬರ ದನಿ ತೊಡದೆ.