ಒಗೆಯದೆ ಉಳಿಸಿದ ಕೌದಿ

ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದು ಎಷ್ಟೋ ವರ್ಷವಾಯಿತು. ಚಾದರ, ದಿಂಬಿನ ಕವರು, ಮಕ್ಕಳ ದುಪ್ಪಟಿ ಎಲ್ಲವನ್ನೂ ಅದು ಗೊಣಗುತ್ತ ತಿರುಗಿಸಿ ಕೊಡುತ್ತದೆ. ಕೌದಿಯ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಯಲ್ಲೇ ಹೊಲಿದ ಹೊದಿಕೆ ಅದು. ಒಣಗಿದ್ದಾಗಲೇ ಎತ್ತಲು ಭಾರ. ಒದ್ದೆಯಾದರಂತೂ ಇಬ್ಬರು ಹಿಡಿದರೂ ಸೊಂಟ ಹಿಡಿದುಕೊಳ್ಳುತ್ತದೆ.

ದಸರೆಗೆ ದೇವರ ಮುಂದೆ ಘಟ ಹಾಕುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಮ್ಮೆ ನೀರು ಕಾಣಲೇಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಒಂದೇ ಒಂದು ಅರಿವೆ ಹಾಗೇ ಉಳಿದರೂ ಮನೆ ಶುದ್ಧವಾಗಲಿಲ್ಲ ಎಂದು ಲೆಕ್ಕ. ಆ ವಾರ ಓಣಿಯ ಮಾಳಿಗೆಗಳ ಮೇಲೆಲ್ಲ ಕೌದಿಗಳು ಜೋತುಬಿದ್ದಿರುತ್ತವೆ. ಆರೇಳು ವರ್ಷ ನಾನು ಈ ಪದ್ಧತಿಗೆ ಕಳ್ಳತನದಿಂದ ಮೋಸ ಮಾಡಿದೆ. ಒಂದು ಕೌದಿಯನ್ನು ಒಗೆಯದೆ ಬಚ್ಚಿಟ್ಟೆ.

ಅದು ನನ್ನ ಅವ್ವನ ಕೌದಿ. ಅವ್ವ ತೀರಿಕೊಂಡಾಗ ನನಗೆ ಎರಡೂವರೆ ವರ್ಷ. ನೆನಪು ಅಂತ ಒಂದೂ ಇಲ್ಲ. ಇರುವುದು ಮದುವೆಯ ಒಂದು ಕಪ್ಪುಬಿಳುಪು ಫೋಟೋ, ಅದರಲ್ಲಿ ಮುಖ ಬಾಸಿಂಗದ ಹಿಂದೆ ಮುಚ್ಚಿಹೋಗಿದೆ. ಅಪ್ಪ ನೌಕರಿ ಬೆನ್ನುಹತ್ತಿ ಊರೂರು ತಿರುಗುತ್ತಿದ್ದರು. ನನ್ನನ್ನು ಬೆಳೆಸಿದವಳು ಖಾನಾಪುರದಲ್ಲಿರುವ ಅಪ್ಪನ ಅಕ್ಕ, ನನ್ನ ಸೋದರತ್ತೆ. ಅವ್ವ ಹೋದ ವರ್ಷವೇ ಅವಳ ಸೀರೆ ಹಾಕಿ ಈ ಕೌದಿ ಹೊಲಿದವಳೂ ಆ ಅತ್ತೆಯೇ. ತಲೆಯ ಕಡೆಯ ಅಂಚಿನ ಹತ್ತಿರ ಅಂಗೈ ಅಗಲದ ಒಂದು ತಿಳಿನೀಲಿ ತುಂಡಿತ್ತು. ಸಣ್ಣವಳಿದ್ದಾಗ ಅದರ ಮೇಲೆ ನನ್ನ ಬೆರಳ ಬೊಟ್ಟು ಇಟ್ಟು, "ಇದು ನಿಮ್ಮವ್ವಂದು. ಮಲ್ಕೋ ಈಗ" ಅನ್ನುತ್ತಿದ್ದಳು. ನಾನು ಮಲಗುತ್ತಿದ್ದೆ.

ನಲವತ್ತೈದು ದಾಟಿದ ಹೆಂಗಸು ಇಂಥದ್ದನ್ನು ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಬೆಳಗಿನ ಹೊತ್ತು, ಹಾಲಿನವನ ಗಾಡಿಯ ಸದ್ದು ಕೇಳಿಯೂ ಕಣ್ಣು ತೆರೆಯಲು ಮನಸ್ಸಿಲ್ಲದಾಗ, ಆ ಅರೆನಿದ್ದೆಯಲ್ಲಿ ನನ್ನ ಹಾಸಿಗೆಯ ಅಂಚಿಗೆ ಒಬ್ಬಳು ಬಂದು ಕೂರುತ್ತಾಳೆ. ತಿಳಿನೀಲಿ ಸೀರೆ ಉಟ್ಟಿರುತ್ತಾಳೆ. ಮುಖ ಕಾಣುವುದಿಲ್ಲ. ಮಡಚಿದ ಮೊಣಕಾಲು, ಅದರ ಮೇಲೆ ಇಳಿದ ಸೆರಗು, ಒಂದು ಕೈ ಅಷ್ಟೇ. ಆ ಕೈ ಹೊದಿಕೆಯನ್ನು ಮೆಲ್ಲಗೆ ನನ್ನ ಕುತ್ತಿಗೆವರೆಗೆ ಎಳೆಯುತ್ತದೆ. ಮಾತಿಲ್ಲ, ಅವಸರವೂ ಇಲ್ಲ. ಗಂಡನ ಮನೆಗೆ ಬಂದ ಮೇಲೂ, ಮಕ್ಕಳಾದ ಮೇಲೂ ಅವಳು ಬರುವುದು ನಿಲ್ಲಲಿಲ್ಲ. ನನ್ನ ಅವ್ವ ಮೆತ್ತಗಿನ ಹೆಂಗಸು, ಮೆಲುದನಿಯವಳು, ಬೆಳದಿಂಗಳಂಥ ಬಣ್ಣ ಇಷ್ಟಪಡುವವಳು ಎಂದು ಆ ತುಂಡಿನಿಂದಲೇ ನಾನು ತೀರ್ಮಾನಿಸಿದ್ದೆ.

ಪ್ರತಿ ದಸರೆಗೂ ತುಂಡು ತೆಳ್ಳಗಾಗುತ್ತ ಬಂತು. ಒಂದು ವರ್ಷ ಬೆರಳು ಸವರಿದರೆ ಎಳೆಯೇ ಕಿತ್ತುಬಂತು. ಇನ್ನೊಂದು ಸಲ ಒಗೆದರೆ ಅವ್ವ ಇಲ್ಲ ಅಂದುಕೊಂಡೆ. ಅಂದಿನಿಂದ ಆ ಕೌದಿಗೆ ಪ್ಲಾಸ್ಟಿಕ್ ಸುತ್ತಿ, ಡಾಂಬರಗುಳಿಗೆ ಹಾಕಿ, ಮಂಚದ ಕೆಳಗಿನ ಖಾನೆಯಲ್ಲಿ ಇಟ್ಟುಬಿಟ್ಟೆ. ಖಾನಾಪುರದಿಂದ ಅತ್ತೆ ಫೋನಿನಲ್ಲಿ, "ಎಲ್ಲಾ ಒಗದ್ಯಾ?" ಎಂದು ಕೇಳಿದಾಗ, "ಎಲ್ಲಾ ಆತ ಅತ್ತಿ" ಎಂದು ಸಲೀಸಾಗಿ ಸುಳ್ಳು ಹೇಳುತ್ತಿದ್ದೆ. ಹೇಳುವಾಗ ಒಂದು ರೀತಿ ಹೆಮ್ಮೆಯೂ ಆಗುತ್ತಿತ್ತು. ಅವ್ವನನ್ನು ಕಾಪಾಡುತ್ತಿದ್ದೇನೆ ಎಂಬ ಹೆಮ್ಮೆ.

ಬೆಳಗಾವಿಯ ಮಳೆ ನನ್ನ ಹೆಮ್ಮೆಯನ್ನು ಕೇಳಿ ಸುರಿಯುವುದಿಲ್ಲ. ಈ ಸಲ ಗೋಡೆಗಳೇ ಬೆವೆತವು. ದಸರೆ ಹತ್ತಿರ ಬಂದಾಗ, ಸುಮ್ಮನೆ ಒಮ್ಮೆ ನೋಡೋಣ ಎಂದು ಖಾನೆ ತೆರೆದೆ. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಪ್ಲಾಸ್ಟಿಕ್ಕಿನ ಒಳಗೆ ನೀರಿನ ಹನಿ. ಕೌದಿಯ ಮೇಲೆಲ್ಲ ಬೂಷ್ಟು, ಅಲ್ಲಲ್ಲಿ ಕಪ್ಪು ಚುಕ್ಕೆ. ತಿಳಿನೀಲಿ ತುಂಡು ಮುಟ್ಟಿದರೆ ನೆನೆದ ಹಪ್ಪಳದ ಹಾಗೆ ಮೆತ್ತಗಾಗಿತ್ತು. ಕೊನೆಗೆ ಅತ್ತೆಗೆ ಫೋನು ಹಚ್ಚಿ ನಿಜ ಒಪ್ಪಿಕೊಂಡೆ.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಪ್ಲಾಸ್ಟಿಕ್ಕಿನ್ಯಾಗ ಇಟ್ಟಿದ್ಯಾ? ಅದಕ್ಕ ಗಾಳಿ ಬ್ಯಾಡೇನ? ನಾಳೆ ಮುಂಜಾನೆ ತಗೊಂಡ ಬಾ."

"ಒಗದ್ರ ಆ ನೀಲಿ ತುಂಡ ಹೋಗತೈತಿ ಅತ್ತಿ."

"ಒಗೀದಿದ್ರ ಪೂರಾ ಕೌದೀನ ಹೋಗತೈತಿ. ಬಾ ನೀ."

ಮರುದಿನ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಮೂಗು ಸಿಂಡರಿಸಿ ಬೇರೆ ಸೀಟು ಹುಡುಕಿದರು. ಕಿಟಕಿಯಾಚೆ ಭತ್ತದ ಗದ್ದೆಗಳು ಮಂಜಿನೊಳಗೆ ಮುಳುಗೇಳುತ್ತಿದ್ದವು. ತೂಕಡಿಕೆ ಬಂತು, ನೀಲಿ ಸೀರೆಯವಳು ಬರಲಿಲ್ಲ. ಅವಳಿಗೂ ಸಿಟ್ಟು ಬಂದಿರಬೇಕು ಅಂದುಕೊಂಡೆ.

ಖಾನಾಪುರದಲ್ಲಿ ಅತ್ತೆ ತನ್ನ ಮಗ, ಸೊಸೆಯ ಜೊತೆ ಇದ್ದಾಳೆ. ಎಪ್ಪತ್ತು ದಾಟಿದರೂ ಹೊಳೆಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳುವವಳಲ್ಲ. ಅಂಗಳಕ್ಕೆ ಬಂದು ಜಾಂಬೋಟಿಯ ದಿಕ್ಕಿನ ಆಕಾಶ ನೋಡಿದಳು. ಆ ಕಡೆ ಮಳೆ ಬಿದ್ದರೆ ಮಲಪ್ರಭೆಯ ನೀರು ಕೆಂಪಾಗಿ ಏರುತ್ತದೆ, ಒಗೆದದ್ದು ವ್ಯರ್ಥ. ಆಕಾಶ ತಿಳಿಯಾಗಿತ್ತು. "ನಡಿ" ಅಂದಳು.

ಹೊಳೆಯ ದಂಡೆಯಲ್ಲಿ ಮೊದಲು ಕೌದಿಯನ್ನು ಬಂಡೆಯ ಮೇಲೆ ಬಿಸಿಲಿಗೆ ಹಾಕಿ, ಬೂಷ್ಟನ್ನು ಕಡ್ಡಿ ಕಸಬರಿಗೆಯಿಂದ ಉದುರಿಸಿದೆವು. ಆಮೇಲೆ ಅಗಲವಾದ ತಗಡಿನ ಬುಟ್ಟಿಯಲ್ಲಿ ಅಂಟವಾಳದ ನೊರೆ ಎಬ್ಬಿಸಿ ನೆನೆ ಹಾಕಿದೆವು. ಕೌದಿಯನ್ನು ಹಿಂಡಬಾರದು, ಹಿಂಡಿದರೆ ಒಳಪದರ ಮುದ್ದೆಯಾಗುತ್ತದೆ. ತುಳಿಯಬೇಕು. ಇಬ್ಬರೂ ಸೀರೆ ಎತ್ತಿ ಕಟ್ಟಿ ಒಬ್ಬರ ಭುಜ ಒಬ್ಬರು ಹಿಡಿದು ತುಳಿಯತೊಡಗಿದೆವು. ಕಾಲ ಕೆಳಗೆ ಬೆಚ್ಚಗೆ, ಮೆತ್ತಗೆ, ಯಾವುದೋ ಪ್ರಾಣಿ ಉಸಿರಾಡುತ್ತಿದ್ದಂತೆ. ನಾನು ನೀಲಿ ತುಂಡಿನ ಕಡೆಗೆ ಕಾಲಿಡದೆ ಸುತ್ತಿ ಬಳಸಿ ತುಳಿಯುತ್ತಿದ್ದೆ. ಪಕ್ಕದ ಬಂಡೆಯ ಹೆಂಗಸು ನೋಡಿ, "ಗೋಧಡಿ ಲಯ್ ಜುನೀ ದಿಸತೇ" ಎಂದು ಮರಾಠಿಯಲ್ಲಿ ಅಂದಳು. ಕೌದಿ ಬಹಳ ಹಳೆಯದು ಕಾಣುತ್ತದೆ ಎಂದು. ಅತ್ತೆ, "ಮಾಝ್ಯಾ ಪೋರೀ ಏವಢೀ" ಎಂದು ನನ್ನ ಕಡೆ ಕೈ ತೋರಿದಳು. ನನ್ನ ಮಗಳಷ್ಟೇ ಹಳೆಯದು ಎಂದು.

ಜಾಲಿಸಲು ಹರಿಯುವ ನೀರಿಗೆ ಬಿಟ್ಟಾಗ ನಾನು ಹೆದರಿದ್ದೇ ಆಯಿತು. ಕೌದಿ ನೀರಲ್ಲಿ ಅಗಲವಾಗಿ ಬಿಚ್ಚಿಕೊಂಡಿತು. ತಿಳಿನೀಲಿ ತುಂಡು ಹೊಲಿಗೆಯಿಂದ ಮೂರು ಕಡೆ ಬಿಟ್ಟು, ನಾಲಿಗೆಯ ಹಾಗೆ ಒಂದು ಕ್ಷಣ ಆಡಿ, ಹೋಯಿತು. ನಾನು ಮೊಣಕಾಲುದ್ದದ ನೀರಿನಲ್ಲಿ ಅದರ ಹಿಂದೆ ಓಡಿದೆ. ಕೈಗೆ ನಾಲ್ಕು ಎಳೆ ಸಿಕ್ಕವು. ಉಳಿದದ್ದು ನೀರಲ್ಲಿ ನೀರಾಯಿತು. ನಾನು ನಿಂತಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದೆ. ಹೊಳೆಯ ದಂಡೆಯ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರೂ ನಾಚಿಕೆಯಾಗಲಿಲ್ಲ.

ಅತ್ತೆ ಕೌದಿಯನ್ನು ಒಂದೇ ಕೈಯಲ್ಲಿ ಬಂಡೆಗೆ ಒತ್ತಿ ಹಿಡಿದಿದ್ದಳು.

"ಅದರ ಸಲುವಾಗಿ ಅಳಬ್ಯಾಡ ಬಾ. ಅದು ನಿಮ್ಮವ್ವಂದಲ್ಲ."

ನಾನು ತಿರುಗಿ ನೋಡಿದೆ.

"ಖರೇನ. ಅದು ನಂದು, ನನ್ನ ಹಳೇ ನೀಲಿ ಸೀರಿದು. ಸತ್ತವರ ಸೀರಿ ಮ್ಯಾಲ ಹಚ್ಚಂಗಿಲ್ಲ ನಮ್ಮ ಮನ್ಯಾಗ. ದಿನಾ ಕಣ್ಣಿಗೆ ಬೀಳತೈತಿ, ಸಂಕಟ ಆಗತೈತಿ ಅಂತ ಹೊಟ್ಟ್ಯಾಗ ಇಡತೀವಿ. ಇಲ್ನೋಡ."

ತುಂಡು ಹೋದ ಕಡೆ ತೂತು ಬಿದ್ದಿತ್ತು. ಅದರ ಅಂಚನ್ನು ಅವಳು ಬೆರಳಿನಿಂದ ಸರಿಸಿದಳು. ಒಳಗೆ ಕೆಂಪು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ನೀರಲ್ಲಿ ನೆನೆದು ಇನ್ನೂ ಜೋರಾದ ಕೆಂಪು. ನಾಲ್ಕು ದಶಕ ಬಿಸಿಲು ಕಾಣದ ಬಣ್ಣ.

"ಕೆಂಪ ಅಂದ್ರ ಜೀವಾ ಬಿಡತಿದ್ಲು ನಿಮ್ಮವ್ವ. ನಗಾಕತ್ತಿದ್ರ ಬಾಜೂ ಮನಿಗೆ ಕೇಳತಿತ್ತು. ಎಷ್ಟ ಬೈದೀನಿ ಆಕಿಗೆ, ಜರಾ ಸಾವಕಾಶ ನಗ ಅಂತ."

ಮೆಲುದನಿಯ ನನ್ನ ಅವ್ವ ಎಲ್ಲಿ ಹೋದಳೋ. ಆ ಕೆಂಪಿನ ಮೇಲೆ ಬೊಟ್ಟಿಟ್ಟೆ. ಇವಳನ್ನು ನಾನು ಒಂದು ಸಲವೂ ಕನಸಿನಲ್ಲಿ ಕಂಡಿರಲಿಲ್ಲ, ಒಳಗೆ ಹೀಗೆ ಜೋರಾಗಿ ನಗುತ್ತ ಕೂತಿದ್ದವಳನ್ನು. ಹಾಗಾದರೆ ಬೆಳಗಿನ ಹೊತ್ತು ಬಂದು ಕೂರುತ್ತಿದ್ದ ನೀಲಿ ಸೀರೆಯವಳು ಅತ್ತೆಯೇ ಎಂಬುದು ನಿಧಾನವಾಗಿ ತಿಳಿಯಿತು. ತಿಳಿದ ಮೇಲೆ ಸಿಟ್ಟು ಬಂತು.

"ಮತ್ತ ಸುಳ್ಳ ಯಾಕ ಹೇಳಿದಿ?"

"ಅವ್ವನ ಸೀರಿ ಎಲ್ಲೈತಿ, ಎಲ್ಲೈತಿ ಅಂತ ಒಂದ ಸವನ ಕೇಳತಿದ್ದಿ. ಹೊಲಿಗಿ ಬಿಚ್ಚಿ ತೋರಸಾಕ ಆಗತೈತೇನ? ಕೈಗೆ ಸಿಕ್ಕದ್ದರ ಮ್ಯಾಲ ನಿನ್ನ ಬೊಟ್ಟ ಇಟ್ಟೆ. ನಿದ್ದಿ ಹತ್ತಿತು ನಿನಗ."

"ದೊಡ್ಡಾಕಿ ಆದ ಮ್ಯಾಲರ ಹೇಳಬಹುದಿತ್ತಲ್ಲ."

ಅತ್ತೆ ಮುಂಗೈಯ ನೊರೆ ಒರೆಸಿಕೊಂಡಳು.

"ಹೇಳಬಹುದಿತ್ತು. ನೀ ಅದನ್ನ ಮುಟಗೊಂಡ ಮಲಗತಿದ್ದಿ. ನನಗ ಚಲೋ ಅನಸ್ತಿತ್ತು."

ನನ್ನ ಸಿಟ್ಟು ಎಲ್ಲಿತ್ತೋ ಅಲ್ಲೇ ಕರಗಿತು. ಕೌದಿಯ ಒಂದು ತುದಿ ಹಿಡಿದೆ. ನೀರು ಸೋರುತ್ತಿದ್ದ ಆ ಭಾರವನ್ನು ಇಬ್ಬರೂ ಎತ್ತಿ, ಏದುಸಿರು ಬಿಡುತ್ತ ದೊಡ್ಡ ಬಂಡೆಯವರೆಗೆ ತಂದೆವು.

"ತೂತ ಮುಚ್ಚಬೇಕು. ಮ್ಯಾಲ ಏನ ಹಚ್ಚೂಣು?" ಅಂದಳು.

"ನಿನ್ನ ಸೀರೀನ ಹಚ್ಚು."

"ಇನ್ನೂ ಉಟಗೊಂಡೇನಲ್ಲ, ಇಲ್ಲೇ ಬಿಚ್ಚಿ ಕೊಡ್ಲೇನ?"

ಪಕ್ಕದ ಬಂಡೆಯ ಹೆಂಗಸು ಕಿಸಕ್ಕೆಂದಳು. ಮರಾಠಿ ಆಡಿದರೇನಂತೆ, ನಮ್ಮ ಮಾತೆಲ್ಲ ಅವಳಿಗೆ ಚೆನ್ನಾಗಿ ತಿಳಿದಿತ್ತು. ನಾನೂ ಕಣ್ಣು ಒರೆಸಿಕೊಳ್ಳುತ್ತ ನಕ್ಕೆ.

ಕೌದಿ ಹರಡಲು ಆ ತುದಿ ಅವಳು, ಈ ತುದಿ ನಾನು ಹಿಡಿದಿದ್ದೆವು. ಅವಳನ್ನು ಅವ್ವ ಎಂದು ಒಮ್ಮೆ ಕರೆಯಬೇಕು ಅನ್ನಿಸಿತು. ಬಾಯಿ ತೆರೆದೆ. ಇಷ್ಟು ವರ್ಷದ ರೂಢಿ, ಬಂದದ್ದು "ಅತ್ತಿ" ಎಂದೇ.

"ಏನ?" ಅಂದಳು.

"ಏನಿಲ್ಲ. ಜಗ್ಗಿ ಹಿಡಿ" ಅಂದೆ.