ಕುದುರೆ ನೀರು ಕುಡಿಯುವಷ್ಟು ಹೊತ್ತು

ಹೋದ ವಾರ ನಾನು, ಮಗಳು, ಮೊಮ್ಮಗಳು ಮೂವರೂ ವಿಜಯಪುರ ಬಸ್ ಸ್ಟ್ಯಾಂಡಿನ ಹೊರಗೆ ಆಟೋ ಕಾಯುತ್ತ ನಿಂತಿದ್ದೆವು. ಒಂದು ಟಾಂಗಾ ನಮ್ಮ ಮಗ್ಗುಲಿಗೇ ಬಂದು ನಿಂತಿತು. ಹಸಿ ಮೇವು, ಬೆವೆತ ಕುದುರೆ, ಎಣ್ಣೆ ಉಂಡ ಚರ್ಮದ ಪಟ್ಟಿ... ಮೂರೂ ಕೂಡಿದ ವಾಸನೆ. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನನಗೆ ಆ ಟಾಂಗಾದವನ ನೆನಪಾಯಿತು.

ಅವನ ಹೆಸರು ನಾನು ಕೇಳಲೇ ಇಲ್ಲ. ಅತ್ತೆ ‘ತಮ್ಮಾ’ ಅನ್ನುತ್ತಿದ್ದರು. ನಾನು ಅಣ್ಣಾ ಅನ್ನುತ್ತಿದ್ದೆ, ಅದೂ ಮನಸ್ಸಿನಲ್ಲೇ.

ನನ್ನ ತವರು ಇದೇ ಊರು. ತಿಕೋಟಾಕ್ಕೆ ಕೊಟ್ಟಾಗ ಎಲ್ಲರೂ “ಕೂಗಿದ್ರ ಕೇಳೂವಷ್ಟ ದೂರ” ಅಂದಿದ್ದರು. ಕೂಗಿದರೆ ಕೇಳುತ್ತಿತ್ತೇನೋ, ಹೋಗುವಂತಿರಲಿಲ್ಲ. ನನ್ನ ತಮ್ಮನ ಮದುವೆಯಲ್ಲಿ ಅಪ್ಪ ಒಂದು ತಪ್ಪು ಮಾಡಿದ್ದ. ಬೀಗರಾದ ನನ್ನ ಮಾವನ ತಲೆಗೆ ಮೊದಲು ಸುತ್ತಬೇಕಾದ ಮರ್ಯಾದೆಯ ಪಟಗಾವನ್ನು ಗಡಿಬಿಡಿಯಲ್ಲಿ ಬೇರೊಬ್ಬ ಹಿರಿಯರ ತಲೆಗೆ ಸುತ್ತಿಬಿಟ್ಟ. ಮಾವ ಊಟಕ್ಕೂ ನಿಲ್ಲದೆ ಎದ್ದು ಬಂದರು. “ಇನ್ನ ಆ ಮನಿ ಹೊಸ್ತಿಲಾ ತುಳಿಬ್ಯಾಡ” ಅಂದರು. ಮುಗಿಯಿತು.

ತಿಂಗಳಿಗೊಮ್ಮೆ ಅತ್ತೆಯ ಕಣ್ಣು ತೋರಿಸಲು ಇಲ್ಲಿಗೆ ಬರುತ್ತಿದ್ದೆವು. ಗಂಡಸರಿಗೆ ದ್ರಾಕ್ಷಿ ತೋಟ ಬಿಟ್ಟು ಬರಲಾಗದು, ಹಾಗಾಗಿ ನಾವಿಬ್ಬರೇ. ಮಂಜುಗಣ್ಣಿನ ಅತ್ತೆ ಟಾಂಗಾದ ಮುಂದೆ, ನಾನು ಹಿಂದೆ, ದಾರಿಗೆ ಬೆನ್ನು ಹಾಕಿ. ದವಾಖಾನೆಯ ದಾರಿಯಲ್ಲೇ ನಮ್ಮ ಓಣಿ. ಒಳಗೆ ಮೂರನೆಯ ಬಾಗಿಲು ಅವ್ವನದು. ಮುಂದೆ ಕೂತವರಿಗೆ ಅದು ಕಂಡು ಸರಿದುಹೋಗುತ್ತಿತ್ತು. ಹಿಂದೆ ಕೂತ ನನಗೆ ಸಣ್ಣದಾಗುತ್ತ, ಸಣ್ಣದಾಗುತ್ತ ಬಹಳ ಹೊತ್ತು ಕಾಣುತ್ತಿತ್ತು...

ಒಮ್ಮೆ ಓಣಿಯ ಬಾಯಿಗೆ ಎತ್ತಿನ ಗಾಡಿ ಅಡ್ಡ ಬಂದು ಟಾಂಗಾ ನಿಂತಿತು. ಮೆಲ್ಲಗೆ ಒಂದು ಕಾಲು ಕೆಳಗಿಟ್ಟೆ. ಟಾಂಗಾ ತಕ್ಕಡಿ ಇದ್ದ ಹಾಗೆ. ಹಿಂದಿನ ಭಾರ ಇಳಿದರೆ ಮುಂದಕ್ಕೆ ಬಾಗುತ್ತದೆ. ಬಾಗಿತು.

“ಎಲ್ಲಿ ಹೊಂಟೀ ಬೇ?” ಅತ್ತೆ ತಿರುಗದೆ ಕೇಳಿದರು.

“ಚಪ್ಪಲಿ ಜಾರಿತ್ರೀ ಅತ್ತಿ.”

ಟಾಂಗಾದವನು ತಿರುಗಿ ನನ್ನ ಕಣ್ಣು ನೋಡಿದ, ಆ ಕಣ್ಣು ನೆಟ್ಟಿದ್ದ ಬಾಗಿಲನ್ನೂ ನೋಡಿದ.

ಮುಂದಿನ ತಿಂಗಳು ನಾವು ಬಸ್ಸಿಳಿದಾಗ ತನ್ನ ಪಾಳಿಯನ್ನು ಬೇರೆಯವನಿಗೆ ಬಿಟ್ಟು ನಮಗಾಗಿ ಕಾಯುತ್ತಿದ್ದ. ಓಣಿಯ ಬಾಯಲ್ಲಿದ್ದ ನೀರಿನ ತೊಟ್ಟಿಯ ಮುಂದೆ ಟಾಂಗಾ ನಿಲ್ಲಿಸಿ, ಕುದುರೆಗೆ ನೀರು ಕುಡಿಸುವಾಗ ಹಾಕುವ ಸಣ್ಣ ಸಿಳ್ಳೆ ಹಾಕತೊಡಗಿದ. ಸಿಳ್ಳೆಗೆ ಅವ್ವ ಬಂದಳು! ಮೊದಲೇ ಹೋಗಿ ಹೇಳಿ ಬಂದಿದ್ದ, ಪುಣ್ಯಾತ್ಮ. ಅವಳು ಹಿಂದಿನಿಂದ ಹತ್ತಿ ನನ್ನ ಪಕ್ಕ ಕೂರುವಷ್ಟರಲ್ಲಿ ಅವನು ಗಾಡಿ ಹಿಂದಕ್ಕೆ ವಾಲದಂತೆ ಮುಂದಿನ ಕಟ್ಟಿಗೆಯ ಮೇಲೆ ಭಾರ ಬಿಟ್ಟು ಕೂತ. ಅವ್ವ, ನಾನು ಮಾತಾಡಲಿಲ್ಲ. ಕೈ ಹಿಡಿದುಕೊಂಡೆವು, ಅಷ್ಟೇ.

“ಏನೋ ತಮ್ಮಾ, ನಿನ್ನ ಕುದುರಿ ಕೆರೀನ ಬತ್ತಸೂ ಹಂಗ ಕಾಣತೈತಿ” ಅಂದರು ಅತ್ತೆ.

“ಬಿಸಲ್ರೀ ಅವ್ವಾರ. ನೀರಿಗೆ ಬಾಯಿ ಹಚ್ಚಿದ್ದನ್ನ ಎಬ್ಬಿಸಿದ್ರ ಪಾಪ ಬರತೈತ್ರಿ.”

ಹೀಗೆ ಏಳೆಂಟು ತಿಂಗಳು ನಡೆಯಿತು. ಒಂದು ಸಲ ಅವನು ಎಷ್ಟು ಸಿಳ್ಳೆ ಹಾಕಿದರೂ ಓಣಿಯಿಂದ ಯಾರೂ ಬರಲಿಲ್ಲ.

“ಹಿಂದ ಇವತ್ತ ಯಾಕೋ ಹಗೂರ ಐತಲ್ಲೋ ತಮ್ಮಾ” ಅಂದರು ಅತ್ತೆ.

ಅವನ ಸಿಳ್ಳೆ ನಿಂತಿತು.

“ನಾಕ ದಿನದಿಂದ ಮಲಗ್ಯಾರಂತ್ರೀ ಅವ್ವಾರ” ಅಂದ.

ಅತ್ತೆ ಕುದುರೆಗೆ ಹೇಳುವವರಂತೆ ಅಂದರು: “ಹೊಸ್ತಿಲಾ ತುಳಿಬ್ಯಾಡ ಅಂದಾರ ಇಕಿ ಮಾವ. ಅವರ ಮಾತ ನಾನೂ ಮೀರೂ ಹಂಗಿಲ್ಲ. ಓಣಿ ತುಳಿಬ್ಯಾಡ ಅಂತ ಅಂದಿಲ್ಲ. ಇನ್ನಷ್ಟ ನೀರ ಕುಡಸಪಾ.”

ಓಡಿದೆ. ಬಾಗಿಲು ತೆರೆದಿತ್ತು. ಹೊಸ್ತಿಲಾಚೆ ಕತ್ತಲು, ಕತ್ತಲಲ್ಲಿ ಅವ್ವ ಮಲಗಿದ್ದ ಹೊರಸು. ನನಗೆ ಕಂಡದ್ದು ಅವಳ ಪಾದ, ಕಾಲುಂಗುರ.

“ಯವ್ವಾ, ಒಳಗ ಬರಾಂಗಿಲ್ಲ ಬೇ...”

“ಗೊತ್ತೈತಿ. ಅಲ್ಲೇ ನಿಂದ್ರು. ಬೆಳಕಿಗೆ ನಿನ್ನ ಮಾರಿ ಕಾಣತೈತಿ.”

ನಿಂತೆ. ಓಣಿಯ ಬಾಯಿಂದ ಸಿಳ್ಳೆ ಕೇಳುತ್ತಲೇ ಇತ್ತು. ಕುದುರೆಗೆ ಅಷ್ಟು ಹೊತ್ತು ಕುಡಿಯುವುದು ಏನಿತ್ತು! ಒಂದು ಹೆಜ್ಜೆ ಇಟ್ಟಿದ್ದರೆ ಆ ಪಾದ ಮುಟ್ಟಬಹುದಿತ್ತು. ನನ್ನ ಕಾಲು ಏಳಲಿಲ್ಲ. ಆ ಕಾಲಿನ ಮೇಲೆ ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ.

ಅದಾದ ಹನ್ನೊಂದನೆಯ ದಿನಕ್ಕೆ ಅವ್ವ ಹೋದಳು. ಮಣ್ಣಿಗೆ ಮಾವನೇ ನನ್ನನ್ನು ಕರೆದುಕೊಂಡು ಬಂದರು, ಅದೇ ಟಾಂಗಾದಲ್ಲಿ. ಕುದುರೆ ರೂಢಿಯಂತೆ ತೊಟ್ಟಿಯ ಮುಂದೆ ನಿಂತಿತು. ಅವನು ಸಿಳ್ಳೆ ಹಾಕಲಿಲ್ಲ. ಮಾವ ಇಳಿದು, ನೆಲ ನೋಡುತ್ತ, “ನಡೀ ಒಳಗ” ಅಂದರು.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತ ಟಾಂಗಾದ ಮುದುಕನಿಗೆ ಅವನ ಗುರುತು ಹೇಳಿ ಕೇಳಿದೆ.

“ಅಂವಾ ಏನ್ರೀ? ಕುದುರಿ ಮಾರಿದ ವರ್ಷಾನ ಹ್ವಾದ್ರಿ” ಅಂದ.

ಆಟೋ ಬಂತು. ಮಗಳು ಕರೆದಳು. ಬೇಡವೆಂದು ಟಾಂಗಾ ಹತ್ತಿಸಿದೆ. ಅವರಿಬ್ಬರೂ ಮುಂದೆ, ನಾನು ಹಿಂದೆ. ಓಣಿಯ ಬಾಯಿ ಬಂತು. ತೊಟ್ಟಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ.

ಕುದುರೆ ನಿಲ್ಲಲಿಲ್ಲ.